ಹುದುಗುವ ರಸಕ್ಕೂ ಒಂದು ದಿನಚರಿ ಬೇಕು

ವಿದೇಶಗಳಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸಿಗಳಲ್ಲಿ ಅನೇಕರು ಈಗ ಗಣಕಯಂತ್ರದ ಮುಂದೆ ಕುಳಿತೇ ಆಮೇಲೆ ಒಲೆ ಹಚ್ಚುತ್ತಾರೆ. ಎಷ್ಟು ಧಾನ್ಯ, ಎಷ್ಟು ನೀರು, ಯಾವ ಉಷ್ಣತೆ, ಯಾವ ಯೀಸ್ಟ್ ಎಂಬ ಲೆಕ್ಕವನ್ನು ಮೊದಲೇ ಹಾಕಿಕೊಡುವ, ಅನಂತರ ಪಾತ್ರೆಯೊಳಗೆ ನಿಜವಾಗಿ ಏನಾಯಿತು ಎಂಬುದನ್ನು ದಾಖಲಿಸಿಕೊಳ್ಳುವ ತಂತ್ರಾಂಶಗಳು ಅವರಿಗಿವೆ. ಇದು ದೂರದ ಊರಿನ ಸುದ್ದಿಯೆಂದು ಓದುಗರಿಗೆ ತೋರಬಹುದು. ಆದರೆ ತಲೆಮಾರುಗಳಿಂದ ತೆಂಗಿನ ಮರದ ತುದಿಯಲ್ಲಿ ಹುದುಗುವಿಕೆಯ ವಿದ್ಯೆಯನ್ನು ನಡೆಸಿಕೊಂಡು ಬಂದಿರುವ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳು ಇದರಿಂದ ಕಲಿಯಬೇಕಾದ ಪಾಠವೊಂದಿದೆ ಎಂಬುದು ನನ್ನ ನಂಬಿಕೆ.

ನನಗೆ ಇದರ ಪರಿಚಯವಾದದ್ದು ಅಮೆರಿಕದಲ್ಲಿ ನೆಲೆಸಿರುವ ನನ್ನ ಅಕ್ಕನ ಮಗನಿಂದ. ರಜೆಯಲ್ಲಿ ಊರಿಗೆ ಬಂದಿದ್ದ ಅವನು ಲ್ಯಾಪ್‌ಟಾಪ್ ತೆರೆದು, ತಾನು ಐದಾರು ವರ್ಷಗಳಲ್ಲಿ ಮಾಡಿದ ಒಂದೊಂದು ಪಾಕದ ಲೆಕ್ಕವನ್ನೂ ತೋರಿಸಿದ. "ಮಾವ, ಇದು ಬರೀ ಅಡುಗೆ ಪುಸ್ತಕ ಅಲ್ಲ. ಪಂಚಾಂಗವೂ ಇದೇ, ರೋಜುನಾಮೆಯೂ ಇದೇ" ಎಂದ. ಅಲ್ಲಿ ಸ್ವಂತ ಬಳಕೆಗೆ ಮನೆಯಲ್ಲಿ ಬಿಯರ್ ತಯಾರಿಸಲು 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಮಾಡಿದ ಕಾನೂನು ಅವಕಾಶ ನೀಡಿತು. ಕೊನೆಯದಾಗಿ ಉಳಿದಿದ್ದ ಮಿಸಿಸಿಪಿ ಮತ್ತು ಅಲಬಾಮಾ ರಾಜ್ಯಗಳು 2013ರಲ್ಲಿ ಒಪ್ಪಿಕೊಂಡವು. ನಮ್ಮಲ್ಲಿ ಹಾಗಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಯಾವುದೇ ಮಾದಕ ಪಾನೀಯ ತಯಾರಿಸುವುದು ಅಪರಾಧ. ಆದ್ದರಿಂದ ಈ ಲೇಖನ ಓದಿ ಯಾರೂ ಹಿತ್ತಲಿನಲ್ಲಿ ಹಂಡೆ ಇಡಬೇಕಾಗಿಲ್ಲ. ನನ್ನ ಆಸಕ್ತಿ ಪಾನೀಯದಲ್ಲಿಲ್ಲ, ದಾಖಲೆಯಲ್ಲಿದೆ.

ಬಿಯರ್‌ಸ್ಮಿತ್, ಬ್ರೂಫಾದರ್ ಮುಂತಾದ ಈ ತಂತ್ರಾಂಶಗಳು ಕೆಲಸ ಮಾಡುವ ಬಗೆಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. 20 ಲೀಟರ್ ಬಿಯರ್ ಬೇಕು. ಹುದುಗುವ ಮೊದಲು ರಸದ ಸಾಂದ್ರತೆ 1.050 ಇರಬೇಕು ಎಂದು ಹೇಳಿದರೆ, ಧಾನ್ಯದಲ್ಲಿರುವ ಸಕ್ಕರೆಯ ಮುಕ್ಕಾಲು ಪಾಲು ನೀರಿಗೆ ಇಳಿಯುತ್ತದೆ ಎಂದು ಭಾವಿಸಿ, ಸುಮಾರು 4.3 ಕಿಲೋ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಸಾಕು ಎಂದು ಅದು ಲೆಕ್ಕ ಕೊಡುತ್ತದೆ. ಹುದುಗಿದ ಮೇಲೆ ಸಾಂದ್ರತೆ 1.012ಕ್ಕೆ ಇಳಿದರೆ ಮದ್ಯಾಂಶ ಶೇಕಡಾ 5ರಷ್ಟು ಎಂದೂ ತಿಳಿಸುತ್ತದೆ. ಹಾಪ್ಸ್ ಹೂವನ್ನು ಎಷ್ಟು ಹೊತ್ತು ಕುದಿಸಿದರೆ ಎಷ್ಟು ಕಹಿ ಬರುತ್ತದೆ ಎಂಬುದಕ್ಕೂ ಅದರಲ್ಲಿ ಸೂತ್ರವಿದೆ.

ಇಷ್ಟೇ ಆಗಿದ್ದರೆ ಅದೊಂದು ಚತುರ ಲೆಕ್ಕದ ಯಂತ್ರವೆಂದು ಮೆಚ್ಚಿ ಸುಮ್ಮನಾಗಬಹುದಿತ್ತು. ನಿಜವಾದ ಉಪಯೋಗ ಆಮೇಲೆ ಬರುತ್ತದೆ. ಅಳೆದು ನೋಡಿದಾಗ ಸಾಂದ್ರತೆ 1.050 ಇರುವುದಿಲ್ಲ, 1.045 ಇರುತ್ತದೆ. ಅದನ್ನು ನಮೂದಿಸಿದ ಕೂಡಲೇ, ಈ ಮನೆಯ ಈ ಪಾತ್ರೆಯಲ್ಲಿ ಸಕ್ಕರೆ ಇಳಿಯುವುದು ಶೇಕಡಾ 75 ಅಲ್ಲ, 68 ಮಾತ್ರ ಎಂದು ತಂತ್ರಾಂಶ ಕಂಡುಕೊಳ್ಳುತ್ತದೆ. ಮುಂದಿನ ಸಲ ಸುಮಾರು 4.8 ಕಿಲೋ ಧಾನ್ಯ ಕೇಳುತ್ತದೆ. ಅಂದುಕೊಂಡದ್ದು ಒಂದು ಕಡೆ, ಆದದ್ದು ಇನ್ನೊಂದು ಕಡೆ. ಇವೆರಡರ ನಡುವಿನ ಅಂತರವೇ ಅಲ್ಲಿ ಗುರು. ಬೇರೆಯವರ ಪಾಕವನ್ನು ಯಾರು ಬೇಕಾದರೂ ನಕಲು ಮಾಡಬಹುದು. ತನ್ನದೇ ಹತ್ತು ಪಾಕಗಳ ಅಂತರವನ್ನು ಬರೆದಿಟ್ಟವನು ಮಾತ್ರ ಹನ್ನೊಂದನೆಯದನ್ನು ಉತ್ತಮಪಡಿಸಬಲ್ಲ.

ಇದು ಗಣಕಯುಗದ ಆವಿಷ್ಕಾರವೇನೂ ಅಲ್ಲ. ಇಂಗ್ಲೆಂಡಿನ ಜಾನ್ ರಿಚರ್ಡ್‌ಸನ್ 1784ರಲ್ಲಿ ಸಾಂದ್ರತಾಮಾಪಕದ ಬಳಕೆಯ ಬಗ್ಗೆ ಪುಸ್ತಕ ಪ್ರಕಟಿಸಿದ. ಅಗ್ಗವೆಂದು ಕೊಳ್ಳುತ್ತಿದ್ದ ಕಂದು ಮಾಲ್ಟ್‌ಗಿಂತ, ಬೆಲೆ ಹೆಚ್ಚಿದ್ದ ತಿಳಿ ಮಾಲ್ಟೇ ಕೊಟ್ಟ ಹಣಕ್ಕೆ ಹೆಚ್ಚು ಸಕ್ಕರೆ ನೀಡುತ್ತದೆಂದು ಅಳತೆಯಿಂದ ಗೊತ್ತಾದಾಗ ಆ ಉದ್ಯಮದ ರೂಪವೇ ಬದಲಾಯಿತು. ಇಂದು ಶಾಲಾಮಕ್ಕಳು ಆಮ್ಲ, ಪ್ರತ್ಯಾಮ್ಲ ಅಳೆಯಲು ಬಳಸುವ ಪಿಎಚ್ ಮಾನವನ್ನು 1909ರಲ್ಲಿ ರೂಪಿಸಿದ ಸೋರೆನ್‌ಸೆನ್, ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿದ್ದವನು. 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ 1908ರಲ್ಲಿ ಸಂಖ್ಯಾಶಾಸ್ತ್ರದ ಪ್ರಸಿದ್ಧ ಪರೀಕ್ಷೆಗೆ ತಳಹದಿ ಹಾಕಿದ ಗಾಸೆಟ್, ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯ ನೌಕರ. ಕೆಲವೇ ಮಾದರಿಗಳಿಂದ ನಂಬಲರ್ಹ ತೀರ್ಮಾನಕ್ಕೆ ಬರುವುದು ಹೇಗೆ ಎಂಬ ಪ್ರಶ್ನೆ ಅವನಿಗೆ ಎದುರಾದದ್ದು ಬಾರ್ಲಿ ಮತ್ತು ಹಾಪ್ಸ್‌ಗಳ ನಡುವೆ. ಹುದುಗುವ ಪಾತ್ರೆಯ ಪಕ್ಕದಲ್ಲಿ ಬರೆದಿಟ್ಟ ಅಂಕಿಗಳು ಹೀಗೆ ವಿಜ್ಞಾನದ ಆಸ್ತಿಯಾದವು.

ನಮ್ಮ ಕರಾವಳಿಯ ಹುದುಗುವಿಕೆಯ ಜ್ಞಾನ ಬಾರ್ಲಿಯದಕ್ಕಿಂತ ಸರಳವಾದದ್ದೆಂದು ಯಾರಾದರೂ ತಿಳಿದರೆ ಅದು ತಪ್ಪು. ಅರಳದ ಹೊಂಬಾಳೆಯನ್ನು ಆರಿಸಿ, ಬಿಗಿದು ಕಟ್ಟಿ, ದಿನವೂ ಹದವಾಗಿ ತಟ್ಟಿ, ತುದಿಯನ್ನು ತೆಳುವಾಗಿ ಕೊಯ್ದು, ರಸ ಒಸರುವಂತೆ ಮಾಡುವುದು ತಿಂಗಳಲ್ಲಿ ಕಲಿಯುವ ಕೆಲಸವಲ್ಲ. ತಟ್ಟಿದ್ದು ಹೆಚ್ಚಾದರೆ ಹೊಂಬಾಳೆ ಕೆಡುತ್ತದೆ, ಕಡಿಮೆಯಾದರೆ ರಸ ಬರುವುದಿಲ್ಲ. ಮಡಕೆಗೆ ಸುಣ್ಣ ಬಳಿದರೆ ಹುದುಗುವಿಕೆ ತಡೆದು ಸಿಹಿ ನೀರಾ ದೊರೆಯುತ್ತದೆ. ಬಳಿಯದಿದ್ದರೆ ಗಾಳಿಯಲ್ಲೂ ಮಡಕೆಯಲ್ಲೂ ಇರುವ ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳು ಗಂಟೆಗಳಲ್ಲೇ ಅದನ್ನು ಕಳ್ಳಾಗಿಸುತ್ತವೆ. ಇನ್ನೂ ಬಿಟ್ಟರೆ ವಿನೆಗರ್ ಆಗುತ್ತದೆ. ಬ್ರಹ್ಮಾವರ, ಕಲ್ಯಾಣಪುರ ಕಡೆಯ ಕ್ರೈಸ್ತರ ಮನೆಗಳಲ್ಲಿ ಹಬ್ಬದ ಸನ್ನದ ಹಿಟ್ಟು ಉಬ್ಬುತ್ತಿದ್ದುದು ಇದೇ ಕಳ್ಳಿನಿಂದ. ಈಗ ಅನೇಕ ಮನೆಗಳಲ್ಲಿ ಅಂಗಡಿಯ ಯೀಸ್ಟ್ ಪೊಟ್ಟಣ ಆ ಜಾಗಕ್ಕೆ ಬಂದಿದೆ.

ಬೈಂದೂರು ಸಮೀಪದ ಹಳ್ಳಿಯೊಂದರಲ್ಲಿ, ಯೌವನದಿಂದಲೂ ಮರ ಹತ್ತಿದ ಹಿರಿಯ ಮೂರ್ತೆದಾರರೊಬ್ಬರನ್ನು ಮಾತನಾಡಿಸಿದ್ದೆ. ಯಾವ ಹೊಂಬಾಳೆ ರಸಕ್ಕೆ ಬಂದಿದೆ ಎಂದು ಹೇಗೆ ತಿಳಿಯುತ್ತದೆ ಎಂದು ಕೇಳಿದೆ. "ಅದ್ ಹೇಳೂಕ್ ಆತಿಲ್ಲೆ, ಕಂಡ್ರೆ ಗೊತ್ತಾತ್ತ್" ಎಂದರು. ಆದರೆ ಮುಂದಿನ ಒಂದು ಗಂಟೆಯಲ್ಲಿ ಅವರು ಹೇಳಿದ್ದು ಕಡಿಮೆಯಲ್ಲ. ಮೂಡಣ ಗಾಳಿ ಬೀಸಿದ ಬೆಳಿಗ್ಗೆ ಮಡಕೆಯಲ್ಲಿ ಆಗುವ ವ್ಯತ್ಯಾಸ, ಕಡಲಿಗೆ ಹತ್ತಿರದ ಮರಕ್ಕೂ ಗದ್ದೆಯಂಚಿನ ಮರಕ್ಕೂ ರುಚಿಯಲ್ಲಿರುವ ಭೇದ, ಕತ್ತಿಯ ಅಲಗು ಮೊಂಡಾದರೆ ರಸದ ಮೇಲಾಗುವ ಪರಿಣಾಮ ಎಲ್ಲವೂ ಅವರ ನೆನಪಿನಲ್ಲಿದ್ದವು. ಬರೆದಿಟ್ಟ ಒಂದು ಸಾಲೂ ಇರಲಿಲ್ಲ. ಅವರ ಇಬ್ಬರು ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಇಬ್ಬರೂ ಮರ ಹತ್ತಿದವರಲ್ಲ.

ಮಕ್ಕಳು ಮರ ಹತ್ತದಿರುವುದನ್ನು ನಾನು ಕೊರತೆಯೆಂದು ಹೇಳುತ್ತಿಲ್ಲ. ಮಳೆಗಾಲದ ಪಾಚಿಗಟ್ಟಿದ ಕಾಂಡದ ಮೇಲೆ ಜೀವವನ್ನು ಪಣವಿಟ್ಟು ಮಾಡುವ ಕೆಲಸವದು. ಅದನ್ನು ಮಾಡಿದವರಿಗೆ ಸಮಾಜ ಕೊಟ್ಟ ಮರ್ಯಾದೆ ಎಷ್ಟೆಂಬುದೂ ನಮಗೆ ಗೊತ್ತಿದೆ. ಕರಾವಳಿಯ ಬಿಲ್ಲವರು ಪೂಜಿಸುವ, 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಶಿವಲಿಂಗ ಪ್ರತಿಷ್ಠಾಪಿಸಿದ ನಾರಾಯಣ ಗುರುಗಳೇ ಕಳ್ಳಿನ ವೃತ್ತಿಯನ್ನು ತೊರೆದು ವಿದ್ಯೆಯತ್ತ ಹೋಗಿ ಎಂದು ಬೋಧಿಸಿದ್ದರು. ಆ ದಾರಿಯಲ್ಲಿ ನಡೆದವರನ್ನು ಪರಂಪರೆಯ ಹೆಸರಿನಲ್ಲಿ ಮತ್ತೆ ಮರ ಹತ್ತಿಸುವ ಹಕ್ಕು ನಮ್ಮಂಥ ಮಧ್ಯಮವರ್ಗದವರಿಗಿಲ್ಲ. ಆದರೆ ವೃತ್ತಿಯನ್ನು ಬಿಡುವುದು ಬೇರೆ, ವೃತ್ತಿಯಲ್ಲಿ ಗಳಿಸಿದ ಅರಿವು ಅಳಿದುಹೋಗುವುದು ಬೇರೆ. ಮೊದಲನೆಯದು ಆ ಕುಟುಂಬದ ಆಯ್ಕೆ. ಎರಡನೆಯದು ಇಡೀ ಊರಿನ ನಷ್ಟ.

ಈ ಅರಿವಿಗೆ ಈಗ ಹೊಸ ಬೇಡಿಕೆಯೂ ಬಂದಿದೆ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ರಸವನ್ನು ತಂಪಾಗಿ ಸಂಗ್ರಹಿಸಿ, ಸುಣ್ಣವಿಲ್ಲದೆಯೇ ಹುದುಗುವಿಕೆ ತಡೆಯುವ ವಿಧಾನ ರೂಪಿಸಿ ಅದಕ್ಕೆ 'ಕಲ್ಪರಸ' ಎಂದು ಹೆಸರಿಟ್ಟಿತು. ಕುಂದಾಪುರ ತಾಲೂಕಿನ ಜಪ್ತಿಯಲ್ಲಿ ರೈತರೇ ಕಟ್ಟಿದ ಉತ್ಪಾದಕರ ಕಂಪನಿ ಈ ಕಲ್ಪರಸವನ್ನು ಮಾರುಕಟ್ಟೆಗೆ ತಂದಿತು. ಮದ್ಯಾಂಶವಿಲ್ಲದ ಪಾನೀಯ, ಸಕ್ಕರೆ, ಬೆಲ್ಲ ಎಲ್ಲಕ್ಕೂ ಮೂಲ ಅದೇ ರಸ, ಅದೇ ಹೊಂಬಾಳೆ, ಅದೇ ಕತ್ತಿಯ ಹದ. ಪೆಟ್ಟಿಗೆ ಹೊಸದಾದರೂ ಹೊಂಬಾಳೆ ತಟ್ಟುವ ಕೈ ಹಳೆಯದೇ ಬೇಕು. ಆ ಕೈಗೆ ಗೊತ್ತಿರುವುದನ್ನು ಹೊಸಬರಿಗೆ ತಲುಪಿಸುವ ಪುಸ್ತಕ ಎಲ್ಲಿದೆ?

ಇಲ್ಲಿಯೇ ಆ ಹವ್ಯಾಸಿಗಳ ತಂತ್ರಾಂಶದಿಂದ ಕಲಿಯಬೇಕಾದದ್ದು. ಮರದ ಸಂಖ್ಯೆ, ಹೊಂಬಾಳೆ ಕಟ್ಟಿದ ದಿನ, ಮೊದಲ ಕೊಯ್ತದ ದಿನ, ಬೆಳಿಗ್ಗೆ ಮತ್ತು ಸಂಜೆ ಇಳಿದ ರಸದ ಪ್ರಮಾಣ, ಸಾಂದ್ರತೆ, ಅಂದಿನ ಗಾಳಿ, ಮಳೆ, ರುಚಿಯ ಬಗ್ಗೆ ಮೂರ್ತೆದಾರರದೇ ಒಂದು ಮಾತು, ಇಷ್ಟೇ ಕೋಷ್ಟಕ ಸಾಕು. ಕೆಳಗೆ ನಿಂತು ಮೊಬೈಲಿಗೆ ಕುಂದಾಪುರ ಕನ್ನಡದಲ್ಲೇ ಮಾತನಾಡಿದರೆ ದಾಖಲಾಗುವಂತೆ ಮಾಡುವುದು ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಅಸಾಧ್ಯದ ಕೆಲಸವಲ್ಲ. ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ, ಮೂರ್ತೆದಾರರ ಸಹಕಾರಿ ಸಂಘಗಳು, ರೈತರ ಕಂಪನಿಗಳು ಕೈಜೋಡಿಸಿದರೆ ಎರಡು ವರ್ಷಗಳ ಅಂಕಿಗಳೇ ಅನೇಕ ಊಹೆಗಳನ್ನು ಖಚಿತಪಡಿಸಬಲ್ಲವು, ಕೆಲವನ್ನು ಸುಳ್ಳಾಗಿಸಲೂಬಹುದು.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ದಾಖಲೆ ಸಿದ್ಧವಾದ ಮೇಲೆ ಹೇಳಿದವರ ಹೆಸರು ಅಳಿಸಿ, ಬರೆದವರ ಹೆಸರು ಮಾತ್ರ ಉಳಿಯುವುದು ನಮ್ಮಲ್ಲಿ ಹೊಸದಲ್ಲ. ನನ್ನ ಸೋದರಳಿಯನ ತಂತ್ರಾಂಶದಲ್ಲಿ ಪ್ರತಿ ಪಾಕದ ತಲೆಬರಹದ ಕೆಳಗೆ, ಅದನ್ನು ತಯಾರಿಸಿದವರ ಹೆಸರಿಗೆಂದೇ ಒಂದು ಖಾನೆಯಿದೆ. ನಮ್ಮ ಕೋಷ್ಟಕದಲ್ಲಿಯೂ ಆ ಖಾನೆ ಇರಲಿ, ಅದರಲ್ಲಿ ಮರ ಹತ್ತಿದವರ ಹೆಸರೇ ಇರಲಿ, ಅದರಿಂದ ಆದಾಯ ಹುಟ್ಟಿದರೆ ಅವರಿಗೂ ಪಾಲಿರಲಿ. ಬರೆಯುವ ಕೆಲಸವನ್ನು ಮುಂದೂಡಲು ಹೆಚ್ಚು ಸಮಯವಿಲ್ಲ. ಈ ಮೂರು ತಾಲೂಕುಗಳಲ್ಲಿ ಕಂಡ ಕೂಡಲೇ ಹೊಂಬಾಳೆಯ ಹದ ತಿಳಿಯಬಲ್ಲ ಹಿರಿಯರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ.