ನಿಮಗಿದು ಗೊತ್ತೇ? ಗಾಲ್ಫ್ ಮೈದಾನಕ್ಕೆ ನುಗ್ಗುವ ಹುಲ್ಲುಗಳು

ಗಾಲ್ಫ್ ಚೆಂಡು ಉರುಳಿ ಕುಳಿಗೆ ಬೀಳುವ ಜಾಗವೇ ಗ್ರೀನ್. ದೊಡ್ಡ ಪಂದ್ಯಗಳಿದ್ದಾಗ ಅಲ್ಲಿನ ಹುಲ್ಲನ್ನು ಸುಮಾರು 3 ಮಿಲಿಮೀಟರಿಗೆ ಕತ್ತರಿಸುತ್ತಾರೆ. ಅಷ್ಟು ಬೋಳಿಸಿದರೂ ನೆಲಕ್ಕಂಟಿಕೊಂಡೇ ಹೂ ಬಿಟ್ಟು ಬೀಜ ಕಟ್ಟುವ ಕಳೆಯೊಂದಿದೆ: ಪೋವಾ ಆನುವಾ. ಪರಾಗಸ್ಪರ್ಶವಾಗಿ ಒಂದೆರಡು ದಿನ ಕಳೆದಿದ್ದರೆ ಸಾಕು, ಕತ್ತರಿಸಿ ಎಸೆದ ತೆನೆಯಲ್ಲೂ ಬೀಜ ಬಲಿಯುತ್ತದೆ. ಗುರುತು ಹಿಡಿಯುವುದು ಸುಲಭ. ಎಲೆಯ ತುದಿ ದೋಣಿಯ ಮೂತಿಯಂತೆ ಬಾಗಿರುತ್ತದೆ; ಬೆರಳಿನಿಂದ ಒತ್ತಿದರೆ ಎರಡಾಗಿ ಸೀಳುತ್ತದೆ.

ಈ ಪುಣ್ಯಾತ್ಮ ಅಂಟಾರ್ಕ್ಟಿಕಾವನ್ನೂ ಬಿಟ್ಟಿಲ್ಲ! 1985-86ರ ಬೇಸಿಗೆಯಲ್ಲಿ ಕಿಂಗ್ ಜಾರ್ಜ್ ದ್ವೀಪದ ಪೋಲೆಂಡ್ ಸಂಶೋಧನಾ ಕೇಂದ್ರದ ಬಳಿ ಕಾಣಿಸಿಕೊಂಡು ಅಲ್ಲೇ ಬೇರು ಬಿಟ್ಟಿತು. ಮನುಷ್ಯರ ಬೂಟು, ಸಾಮಾನು ಸರಂಜಾಮುಗಳೇ ಅದರ ವಾಹನ. ಗಾಲ್ಫ್ ಮೈದಾನದಲ್ಲೂ ಅಷ್ಟೇ, ಆಟಗಾರರ ಶೂ ಮತ್ತು ತೊಳೆಯದ ಹುಲ್ಲು ಕತ್ತರಿಸುವ ಯಂತ್ರ ಬೀಜವನ್ನು ಒಂದು ಗ್ರೀನ್‌ನಿಂದ ಇನ್ನೊಂದಕ್ಕೆ ದಾಟಿಸುತ್ತವೆ.

ಕಳೆ ಹಬ್ಬಲು ಉಪಚಾರ ಕಡಿಮೆಯಾದದ್ದೇ ಕಾರಣ ಅಂದುಕೊಂಡಿದ್ದೀರಾ? ಅತಿಯಾದ ಉಪಚಾರವೂ ಕಾರಣ. ದಿನಾ ಸ್ವಲ್ಪ ಸ್ವಲ್ಪ ನೀರು ಚಿಮುಕಿಸಿದರೆ ಮೇಲ್ಬೇರಿನ ಪೋವಾಕ್ಕೆ ಹಬ್ಬ. ರಂಜಕದ ಗೊಬ್ಬರ ಹೆಚ್ಚಾದರೂ ಅದಕ್ಕೇ ಲಾಭ. ನೆಲಕ್ಕೆ ಗಾಳಿಯಾಡಲೆಂದು ಯಂತ್ರದಿಂದ ಸಣ್ಣ ಸಣ್ಣ ಮಣ್ಣಿನ ಉಂಡೆ ಕಿತ್ತು ತೆಗೆಯುವುದುಂಟು. ಕೆಲಸ ಒಳ್ಳೆಯದೇ. ಆದರೆ ಆಳದಲ್ಲಿ ಮಲಗಿದ್ದ ಬೀಜವೂ ಆಗ ಮೇಲೆ ಬರುತ್ತದೆ. ಮಣ್ಣಿನ ಬಿಸಿ 21 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಕಾಲದಲ್ಲಿ ಈ ಕೆಲಸ ಮಾಡಿದರೆ ಕೈಯಾರೆ ಬಿತ್ತನೆ ಮಾಡಿದಂತೆಯೇ.

ನಾವು ಗಣಪತಿಗೆ ಏರಿಸುವ, ಹೊಲದಲ್ಲಿ ಕಂಡರೆ ಶಪಿಸುವ ಗರಿಕೆಯೇ ಬೆಚ್ಚನೆಯ ದೇಶಗಳ ಗಾಲ್ಫ್ ಮೈದಾನದ ಮುಖ್ಯ ಹುಲ್ಲು. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್‌ನಲ್ಲಿ ಗ್ಲೆನ್ ಬರ್ಟನ್ ಅದನ್ನು ಆಫ್ರಿಕಾದ ಸೋದರ ಹುಲ್ಲಿನೊಂದಿಗೆ ಸಂಕರಿಸಿದರು. ಅವರ ಟಿಫ್‌ಗ್ರೀನ್ ತಳಿ 1956ರಲ್ಲಿ ಹೊರಬಂತು. ಗರಿಕೆಯ ಕಡೆ 36 ವರ್ಣತಂತು, ಆಫ್ರಿಕಾದ್ದರ ಕಡೆ 18. ಸಂಕರಕ್ಕೆ ಬಂದದ್ದು 27. ಹಾಗಾಗಿ ಅದು ಬಂಜೆ, ಬೀಜವಿಲ್ಲ, ಗೆಣ್ಣು ನೆಟ್ಟೇ ಬೆಳೆಸಬೇಕು. ನೆರಳಿಗಂತೂ ಆಗದು. ಮರ ದೊಡ್ಡದಾಗುತ್ತ ಬಂದಂತೆ ಅದರಡಿ ಗರಿಕೆ ತೆಳುವಾಗುತ್ತದೆ, ಆ ಖಾಲಿ ಜಾಗಕ್ಕೆ ಬೇರೆ ಹುಲ್ಲು ಬಂದು ಕೂರುತ್ತದೆ.

ಗಾಡಿಗಳು ಓಡಾಡಿ ಗಟ್ಟಿಯಾದ ನೆಲದಲ್ಲಿ, ನಡುವೆ ಬೆಳ್ಳಗೆ, ನೆಲಕ್ಕೆ ಚಪ್ಪಟೆಯಾಗಿ ಹರಡಿದ ಹುಲ್ಲು ಕಂಡರೆ ಅದು ಎಲ್ಯೂಸೈನ್ ಇಂಡಿಕಾ, ನಮ್ಮ ರಾಗಿಯ ಹತ್ತಿರದ ನೆಂಟ! ರಾಗಿ ಹೊಲದಲ್ಲೂ ತೆನೆ ಬರುವವರೆಗೆ ಪೈರಿನ ಜೊತೆ ಕಲೆತು ಕಣ್ಣಿಗೆ ಮಣ್ಣೆರಚುತ್ತದೆ. ಬೇರೆ ಹುಲ್ಲು ಉಸಿರುಗಟ್ಟಿ ಸಾಯುವಷ್ಟು ತುಳಿತಕ್ಕೂ ಇದು ಜಗ್ಗುವುದಿಲ್ಲ. ಗ್ಲೈಫೋಸೇಟ್ ಕಳೆನಾಶಕಕ್ಕೂ ಬಗ್ಗದ ಇದರ ಗಿಡಗಳು ಮಲೇಶಿಯಾದಲ್ಲಿ 1997ರಲ್ಲೇ ಸಿಕ್ಕಿದ್ದವು. ಹಾಗಾಗಿ ನೆಲ ಸಡಿಲಿಸದೆ ಬರೀ ಔಷಧಿ ಹೊಡೆಯುವುದು ದುಡ್ಡು ದಂಡ.

ಹುಲ್ಲಿನ ವೇಷದಲ್ಲಿರುವ ಜೇಕು ಹುಲ್ಲೇ ಅಲ್ಲ. ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿ, ಮೂರು ಮೂಲೆ ತಾಗುತ್ತವೆ. ಗಿಡ ಕಿತ್ತರೂ ಗೆಡ್ಡೆ ನೆಲದಲ್ಲೇ ಉಳಿದು ಮತ್ತೆ ಚಿಗುರುತ್ತದೆ. ನೀರು ನಿಲ್ಲುವ ಮೂಲೆಗಳೆಂದರೆ ಅದಕ್ಕೆ ಬಲು ಪ್ರೀತಿ.

ಇನ್ನು ಪೋವಾ ಮುಂದೆ ಸೋತವರ ಕಥೆ. ವಾಷಿಂಗ್ಟನ್ ರಾಜ್ಯದ ಚೇಂಬರ್ಸ್ ಬೇ ಮೈದಾನದಲ್ಲಿ 2015ರ ಯು.ಎಸ್. ಓಪನ್ ನಡೆದಾಗ ಗ್ರೀನ್‌ಗಳಲ್ಲಿದ್ದದ್ದು ಫೆಸ್ಕ್ಯೂ ಹುಲ್ಲು. ಅದರೊಳಗೆ ಪೋವಾ ತೇಪೆ ತೇಪೆಯಾಗಿ ನುಸುಳಿತ್ತು. ಎರಡೂ ಒಂದೇ ಸಮ ಬೆಳೆಯದೆ ಚೆಂಡು ಕುಪ್ಪಳಿಸಿತು, ಆಟಗಾರರು ಬಹಿರಂಗವಾಗಿಯೇ ಬೈದರು. ಕೆಲವು ವರ್ಷಗಳಲ್ಲಿ ಮೈದಾನದವರು ಹಳೆಯ ಹುಲ್ಲನ್ನು ಕಿತ್ತು ಗ್ರೀನ್‌ಗಳಿಗೆ ಪೂರ್ತಿ ಪೋವಾವನ್ನೇ ಹಾಸಿದರು. ಹೆಸರಾಂತ ಪೆಬಲ್ ಬೀಚ್‌ನ ಗ್ರೀನ್‌ಗಳಲ್ಲಿರುವುದೂ ಅದೇ ಹುಲ್ಲು.