ಅಜ್ಜನ ಸೈಕಲ್‌ಗೆ ಹೊಸ ಚಕ್ರ ಹಾಕೋ ಮೊದಲು

ಕಡಬ, ಕೋಡಿಂಬಾಳದ ಕಡೆಯ ಮಳೆಗೆ ಕಬ್ಬಿಣದ ರಿಮ್ ಬೇಗ ತುಕ್ಕು ಹಿಡಿಯುತ್ತದೆ. ಆದರೂ ಅಜ್ಜನ ಸೈಕಲ್ಲಿನ ಫ್ರೇಮು, ಕ್ರ್ಯಾಂಕು ಗಟ್ಟಿ ಇದ್ದರೆ ಗುಜರಿಗೆ ಹಾಕಬೇಡಿ. ಹೊಸ ಚಕ್ರ ಕೂರಿಸಬಹುದು. ಅಂಗಡಿಗೆ ಹೋಗೋ ಮೊದಲು ಇಷ್ಟು ನೋಡಿಕೊಳ್ಳಿ.

ಚೈನ್: ಹಳೇ ಚೈನಿನ ಒಳ ಅಗಲ 1/8 ಇಂಚು. ಗೇರ್ ಸೈಕಲ್ಲಿನದು 3/32 ಅಥವಾ ಇನ್ನೂ ಸಪೂರ. ಅಗಲದ ಚೈನ್ ಸಪೂರ ಹಲ್ಲಿನ ಮೇಲೂ ಓಡುತ್ತದೆ. ಸಪೂರ ಚೈನ್ ಹಳೇ ದಪ್ಪ ಹಲ್ಲಿಗೆ ಕೂರುವುದೇ ಇಲ್ಲ. ಹಾಗಾಗಿ 1/8ರದ್ದನ್ನೇ ಹಾಕಿಸಿ.

ಹಬ್: ಹಳೇ ಫ್ರೇಮಿನಲ್ಲಿ ಹಿಂದಿನ ಚಕ್ರಕ್ಕೆ ಸುಮಾರು 110 ಮಿ.ಮೀ. ಜಾಗ ಇರುತ್ತದೆ. ಮೌಂಟೇನ್ ಬೈಕಿನ ಹಬ್ಬಿಗೆ 135 ಬೇಕು. 120ರ ಸಿಂಗಲ್‌ಸ್ಪೀಡ್ ಹಬ್ ಹುಡುಕಿ. ಉಕ್ಕಿನ ಫ್ರೇಮನ್ನು ಅಷ್ಟು ಅಗಲಿಸಬಹುದು, ಅದೂ ಕೆಲಸ ಗೊತ್ತಿದ್ದ ಮೆಕ್ಯಾನಿಕ್ ಕೈಯಲ್ಲಿ. ಮುಂದಿನ, ಹಿಂದಿನ ಹಲ್ಲುಚಕ್ರ ಒಂದೇ ಗೆರೆಯಲ್ಲಿರಲಿ. ಇಲ್ಲದಿದ್ದರೆ ಏರಿನಲ್ಲಿ ಚೈನ್ ಕಳಚುತ್ತದೆ.

ಹಲ್ಲು: ಮುಂದೆ 44, ಹಿಂದೆ 18 ಹಲ್ಲು ಇದ್ದರೆ ನಮ್ಮ ಗುಡ್ಡದ ರಸ್ತೆಗೆ ಭಾರ. ಹಿಂದೆ 22ರ ಫ್ರೀವೀಲ್ ಹಾಕಿದರೆ ಪೆಡಲಿನ ಭಾರ ಸುಮಾರು 18% ಇಳಿಯುತ್ತದೆ. ಸಮತಟ್ಟಿನಲ್ಲಿ ವೇಗ ಅಷ್ಟೇ ಕಡಿಮೆ.

ಬ್ರೇಕ್: ಇದು ಎಲ್ಲಕ್ಕಿಂತ ಮುಖ್ಯ. ಹಳೇ ರಾಡ್ ಬ್ರೇಕ್ ರಿಮ್ಮಿನ ಒಳಮೈಗೆ ಒತ್ತುತ್ತದೆ, ಹೊಸ ರಿಮ್ಮಿಗೆ ಅದು ಆಗುವುದಿಲ್ಲ. ಬದಿಯಿಂದ ಹಿಡಿಯುವ ಕ್ಯಾಲಿಪರ್ ಬೇಕು. 28 ಇಂಚಿನ ಹಳೇ ರಿಮ್ಮಿನ ಅಳತೆ 635, ಈಗಿನ 700ಸಿ ರಿಮ್ಮಿನದು 622 ಮಿ.ಮೀ. ಅಂದರೆ ರಿಮ್ 6.5 ಮಿ.ಮೀ. ಒಳಗೆ ಸರಿಯುತ್ತದೆ, ಉದ್ದ ಕೈಯ ಕ್ಯಾಲಿಪರನ್ನೇ ಕೇಳಿ. ಏರು ಹತ್ತದಿದ್ದರೆ ಇಳಿದು ತಳ್ಳಬಹುದು, ಇಳಿಜಾರಿನಲ್ಲಿ ಆ ಅವಕಾಶ ಇಲ್ಲ.