ಮೆದುಳಿನ ಪರಿಚಾರಕರು ಕೊಡುವ ಸುಳಿವು

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ 2007ರವರೆಗೂ ಕೋಲಾರ ಜಿಲ್ಲೆಗೆ ಸೇರಿತ್ತು. ಈ ಬಯಲುಸೀಮೆಯಲ್ಲಿ ಕೆರೆ ತುಂಬುವುದೆಂದರೆ ಹಬ್ಬ. 1970ರ ದಶಕದ ಕೊನೆಗೆ ಕೋಲಾರ, ಮಂಡ್ಯ ಜಿಲ್ಲೆಗಳಲ್ಲಿ ಮೆದುಳು ಜ್ವರ ಕಾಣಿಸಿಕೊಂಡ ಮೇಲೆ ಆ ಹಿಗ್ಗಿಗೆ ಅಳುಕೂ ಅಂಟಿಕೊಂಡಿತು. ಗದ್ದೆಯ ನಿಂತ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ, ಬೆಳ್ಳಕ್ಕಿ, ಹಂದಿಗಳ ರಕ್ತದಿಂದ ವೈರಸ್ಸನ್ನು ಹೀರಿ ಮನುಷ್ಯನಿಗೆ ದಾಟಿಸುತ್ತದೆ. ಸೋಂಕು ತಗುಲಿದ ಬಹುಪಾಲು ಮಂದಿಗೆ ಅದರ ಅರಿವೂ ಆಗುವುದಿಲ್ಲ. ಆದರೆ ಮೆದುಳಿಗೇರಿತೋ, ನೂರಕ್ಕೆ 30 ಮಂದಿಯವರೆಗೂ ಸಾಯಬಹುದು. ಬದುಕುಳಿದ ಮಕ್ಕಳಲ್ಲಿ ಹಲವರ ಕೈಕಾಲು, ಮಾತು, ಬುದ್ಧಿ ಮೊದಲಿನಂತಾಗುವುದಿಲ್ಲ.

ಈ ಹಾನಿಯಲ್ಲಿ ವೈರಸ್ಸಿನ ಪಾಲೆಷ್ಟು, ಅದನ್ನು ಹೊಡೆಯಲು ಬಂದ ನಮ್ಮದೇ ಪಡೆಯ ಪಾಲೆಷ್ಟು?

ಜೀವಕೋಶಗಳು ತಮ್ಮೊಳಗಿನ ಪ್ರೋಟೀನುಗಳ ಚೂರುಗಳನ್ನು ಹೊರಮೈಗೆ ತಂದು ತೋರಿಸುತ್ತಿರುತ್ತವೆ. ಚೂರನ್ನು ಎತ್ತಿ ಹಿಡಿಯುವ ಅಣುವಿಗೆ ಒಂದನೇ ವರ್ಗದ ಎಂಎಚ್‌ಸಿ ಎಂದು ಹೆಸರು. ಚೂರು ವೈರಸ್ಸಿನದೆಂದು ಗುರುತು ಸಿಕ್ಕರೆ ಟಿ ಕೋಶ ಬಂದು ಆ ಜೀವಕೋಶವನ್ನೇ ಕೊಲ್ಲುತ್ತದೆ. ಚರ್ಮದಲ್ಲಾದರೆ ಚಿಂತೆಯಿಲ್ಲ, ಹೊಸತು ಹುಟ್ಟುತ್ತದೆ. ನರಕೋಶ ಸತ್ತರೆ ಹೋದದ್ದು ಹೋದಂತೆಯೇ. ಬಹುಶಃ ಅದಕ್ಕೇ ಆರೋಗ್ಯವಂತ ಮೆದುಳಿನಲ್ಲಿ ಈ ಅಣು ಬಲು ವಿರಳ.

ಹಾಗಾದರೆ ವೈರಸ್ ಹೊಕ್ಕಾಗ ಸುಳಿವು ಕೊಡುವವರು ಯಾರು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸೋಜನ್ ಅಬ್ರಹಾಂ ಮತ್ತು ಆರ್. ಮಂಜುನಾಥ್ ಆಸ್ಟ್ರೋಸೈಟ್‌ಗಳತ್ತ ನೋಡಿದರು. ನಕ್ಷತ್ರದಂತೆ ಕೈಚಾಚಿಕೊಂಡ ಈ ಕೋಶಗಳು ನರಕೋಶಗಳಿಗೆ ಆಹಾರ ಒದಗಿಸುವ, ಸುತ್ತಲಿನ ಬೇಡದ್ದನ್ನು ಹೀರಿಕೊಳ್ಳುವ ಪರಿಚಾರಕರು. ಇಲಿಯ ಮೆದುಳಿನಿಂದ ತೆಗೆದು ಪ್ರಯೋಗಾಲಯದಲ್ಲಿ ಬೆಳೆಸಿದ ಆಸ್ಟ್ರೋಸೈಟ್‌ಗಳಿಗೆ ಮೆದುಳು ಜ್ವರದ ವೈರಸ್ ಸೋಕಿಸಿದಾಗ, ಅವುಗಳಲ್ಲಿ ಒಂದನೇ ವರ್ಗದ ಎಂಎಚ್‌ಸಿ ಏರಿತು. ಸಾಮಾನ್ಯ ಬಗೆಯವಷ್ಟೇ ಅಲ್ಲ, ಅದೇ ಕುಟುಂಬದ ಅಷ್ಟಾಗಿ ಪರಿಚಯವಿಲ್ಲದ ದಾಯಾದಿ ಅಣುಗಳೂ ಕಂಡವು. ಇದು 2006ರಲ್ಲಿ 'ವೈರಸ್ ರಿಸರ್ಚ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಇಲಿ ಭ್ರೂಣದ ಫೈಬ್ರೊಬ್ಲಾಸ್ಟ್ ಕೋಶಗಳಲ್ಲಿ ಈ ಏರಿಕೆಗೆ ಇಂಟರ್‌ಫೆರಾನ್ ಕಾರಣವೆಂದು ಅದೇ ಪ್ರಯೋಗಾಲಯ 2010ರಲ್ಲಿ ತೋರಿಸಿತು.

ವಿಚಿತ್ರವೆಂದರೆ, ಹರ್ಪಿಸ್‌ನಂಥ ವೈರಸ್‌ಗಳು ಈ ಅಣುವನ್ನು ಅದುಮಿ ತಲೆತಪ್ಪಿಸಿಕೊಳ್ಳುತ್ತವೆ. ಇಲ್ಲಿ ಕಳ್ಳನೇ ಗಂಟೆ ಬಾರಿಸಿದಂತಾಯಿತು! ಎಂಎಚ್‌ಸಿ ಕಾಣದ ಕೋಶಗಳನ್ನು ಹುಡುಕಿ ಕೊಲ್ಲುವ ಇನ್ನೊಂದು ಪಡೆಯೂ ದೇಹದಲ್ಲಿದೆ. ಅದರ ಕಣ್ಣಿಗೆ ಮಣ್ಣೆರಚುವ ಉಪಾಯ ಇದಾಗಿರಬಹುದೆಂಬ ಊಹೆಯುಂಟು. ತಟ್ಟೆಯಲ್ಲಿ ಬೆಳೆದ ಕೋಶಗಳು ಮೆದುಳಲ್ಲ ಎಂಬುದನ್ನಂತೂ ಮರೆಯುವಂತಿಲ್ಲ.

ವೈರಸ್ಸನ್ನು ಕೊಲ್ಲುವ ಔಷಧಿ ಇನ್ನೂ ಬಂದಿಲ್ಲ. ಲಸಿಕೆ ಇದೆ. 2022ರ ಡಿಸೆಂಬರ್‌ನಲ್ಲಿ ಕರ್ನಾಟಕದ ಇನ್ನೂ ಹತ್ತು ಜಿಲ್ಲೆಗಳ ಮಕ್ಕಳಿಗೆ ಅದನ್ನು ಹಾಕಲು ಆರಂಭಿಸಲಾಯಿತು.